ಪ್ರಾರ್ಥನೆ ಮುಗಿದರೂ ಚಿಂತೆ ಮುಗಿಯದಿದ್ದರೆ

ಉಪವಾಸ ಪ್ರಾರ್ಥನೆ ಮುಗಿಸಿ ಎದ್ದಾಗ ಮನಸ್ಸು ಮೊದಲಿಗಿಂತ ಭಾರವಾಗಿರುತ್ತದೆ ಎನ್ನುವವರು ಬೀದರ್, ಕಲಬುರಗಿ ಕಡೆಯ ಕ್ರೈಸ್ತ ಸಭೆಗಳಲ್ಲಿ ಇದ್ದಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಹೇಳಿದರೆ ‘ನಂಬಿಕೆ ಸಾಲದು’ ಎಂಬ ಮಾತು ಕೇಳಬೇಕಾಗುತ್ತದೆ. ನಿಜವಾದ ತೊಂದರೆ ಬೇರೆ ಕಡೆ ಇರುತ್ತದೆ. ಅರ್ಧ ಗಂಟೆ ಕಣ್ಣು ಮುಚ್ಚಿ ಕೂತು ಒಂದೇ ಭಯವನ್ನು ಬಗೆಬಗೆಯಾಗಿ ದೇವರಿಗೆ ಒಪ್ಪಿಸುತ್ತಾ ಹೋದರೆ, ಮಿದುಳಿನ ಮಟ್ಟಿಗೆ ಅದು ಆ ಭಯದ ತಾಲೀಮು.

ಒಟ್ಟಿಗೆ ಚುರುಕಾಗುವ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುತ್ತದೆ ಎಂದು ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲೇ ಊಹಿಸಿದ್ದರು. 1973ರಲ್ಲಿ ಬ್ಲಿಸ್ ಮತ್ತು ಲೋಮೊ ಮೊಲದ ಮಿದುಳಿನಲ್ಲಿ ಅಂಥ ಬಲವರ್ಧನೆಯನ್ನು ಅಳೆದು ತೋರಿಸಿದರು. ಈ ಕೊಂಡಿಗೆ ಒಳ್ಳೆಯ ಆಲೋಚನೆ, ಕೆಟ್ಟ ಆಲೋಚನೆ ಎಂಬ ಭೇದವಿಲ್ಲ. ಇನ್ನೊಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು: ಕಲಿತ ಭಯ ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲೇ ಹೊಸ ಕಲಿಕೆ ಬೆಳೆದು ಹಳೆಯದನ್ನು ತಡೆಹಿಡಿಯುತ್ತದೆ. ಆದ್ದರಿಂದಲೇ ನಿದ್ದೆಗೆಟ್ಟಾಗ, ಹೊಸ ಪೆಟ್ಟು ಬಿದ್ದಾಗ ಹಳೆಯದು ಮತ್ತೆ ತಲೆ ಎತ್ತುತ್ತದೆ. ಹಾಗಾದ ಮಾತ್ರಕ್ಕೆ ಮಾಡಿದ ಪ್ರಯತ್ನ ನೀರುಪಾಲಾಯಿತು ಎಂದಲ್ಲ.

‘ಈ ಆಲೋಚನೆ ಬರಲೇಬಾರದು’ ಎಂದು ಗದರಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಜನರಿಗೆ ಹೇಳಿ ನೋಡಿದರು. ಜನ ಗಂಟೆ ಬಾರಿಸುತ್ತಲೇ ಇದ್ದರು. ಪೌಲನು ಎರಡನೆಯ ಕೊರಿಂಥ 10:5ರಲ್ಲಿ ಹೇಳುವುದು ಆಲೋಚನೆಯನ್ನು ಸೆರೆಹಿಡಿಯುವ ವಿಷಯ. ಹಿಡಿಯಬೇಕಾದರೆ ಮೊದಲು ಅದರ ಮುಖ ನೋಡಲೇಬೇಕು.

ನೋಡುವುದೆಂದರೆ ಬರೆಯುವುದು. ಒಂದು ನೋಟ್‌ಬುಕ್, ಪುಟದ ನಡುವೆ ಒಂದು ಗೆರೆ. ಎಡಕ್ಕೆ ನಡೆದದ್ದು, ಬಲಕ್ಕೆ ಮನಸ್ಸು ಕೊಟ್ಟ ತೀರ್ಪು. ‘ನೆಟೆ ರೋಗ ಬಂದು ತೊಗರಿ ಒಣಗಿತು’ ಎನ್ನುವುದು ಎಡಕ್ಕೆ. ‘ನಾ ಕೈ ಹಾಕಿದ್ದೆಲ್ಲಾ ಹಾಳು’ ಎನ್ನುವುದು ಬಲಕ್ಕೆ. ಹೆಚ್ಚಿನವರು ಮೊದಲ ವಾರ ಎರಡನ್ನೂ ಎಡಕ್ಕೇ ಬರೆಯುತ್ತಾರೆ, ಏಕೆಂದರೆ ತೀರ್ಪು ಅವರಿಗೆ ಸತ್ಯದ ಹಾಗೇ ಕಾಣುತ್ತದೆ. ಆಮೇಲೆ ಭಾವನೆಗೆ ಒಂದೇ ಪದದ ಹೆಸರು ಕೊಡಿ: ಅವಮಾನ, ಹೆದರಿಕೆ, ಸಿಟ್ಟು. ಚಿತ್ರದಲ್ಲಿ ಕಂಡ ಮುಖದ ಭಾವಕ್ಕೆ ಹೆಸರಿಟ್ಟರೆ ಸಾಕು, ಅಪಾಯದ ಸುಳಿವು ಹಿಡಿಯುವ ಅಮಿಗ್ಡಲಾದ ಚಟುವಟಿಕೆ ಇಳಿಯುತ್ತದೆ ಎಂದು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್‌ನಲ್ಲಿ ಕಂಡಿತು. ‘ಮನಸ್ಸು ಸರಿ ಇಲ್ಲ’ ಎಂದಷ್ಟೇ ಬರೆದರೆ ಈ ಕೆಲಸ ಆಗದು.

ನಂತರ ಮೂರು ನಿಮಿಷ ಉಸಿರು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. 2001ರಲ್ಲಿ ಇಟಲಿಯ ಸಂಶೋಧಕರು 23 ಜನರ ಮೇಲೆ ನೋಡಿದಾಗ, ಲ್ಯಾಟಿನ್‌ನಲ್ಲಿ ಜಪಸರ ಹೇಳಿದರೂ ಯೋಗಮಂತ್ರ ಹೇಳಿದರೂ ಉಸಿರು ಹೆಚ್ಚುಕಡಿಮೆ ಈ ಲೆಕ್ಕಕ್ಕೇ ಬಂದಿತ್ತು. ಜಪಸರದ ರೂಢಿ ಇಲ್ಲದ ಮೆಥೋಡಿಸ್ಟರು ಕೀರ್ತನೆಯ ಒಂದು ಸಾಲನ್ನು ಎರಡಾಗಿ ಮುರಿದು, ಮೊದಲ ತುಂಡು ಉಸಿರು ತೆಗೆದುಕೊಳ್ಳುವಾಗ, ಎರಡನೆಯದು ಬಿಡುವಾಗ ಮನಸ್ಸಿನಲ್ಲೇ ಹೇಳಬಹುದು. ತಲೆ ಸುತ್ತಿದರೆ ಉಸಿರನ್ನು ಅತಿಯಾಗಿ ಎಳೆಯುತ್ತಿದ್ದೀರಿ ಎಂದರ್ಥ, ಸಣ್ಣದಾಗಿ ತೆಗೆದುಕೊಳ್ಳಿ.

ಪ್ರಾರ್ಥನೆ ಈಗ. ಅದಕ್ಕೆ ನಮ್ಮ ಕೈಯಲ್ಲೇ ಒಂದು ಮಾದರಿ ಇದೆ: 13ನೇ ಕೀರ್ತನೆ. ಒಟ್ಟು ಆರು ವಚನ. ಮೊದಲ ಎರಡರಲ್ಲಿ ದೂರು, ‘ಎಲ್ಲಿಯವರೆಗೆ’ ಎಂಬ ಪ್ರಶ್ನೆ ಮೂಲದಲ್ಲಿ ನಾಲ್ಕು ಸಲ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆಯ ಕಡೆಗೆ ತಿರುವು. ದೂರನ್ನು ನುಂಗಿಕೊಳ್ಳಬೇಕಿಲ್ಲ, ಆದರೆ ಅಲ್ಲೇ ಸುತ್ತಬಾರದು. ಹತ್ತು ನಿಮಿಷ ಇಟ್ಟುಕೊಳ್ಳಿ, ದೂರಿಗೆ ಅದರಲ್ಲಿ ಮೂರೇ ನಿಮಿಷ. ಬೇಡಿಕೆ ಒಂದೇ ಇರಲಿ, ಸ್ಪಷ್ಟವಾಗಿರಲಿ. ತಿರುವು ಬರದೇ ಹೋದ ದಿನ 88ನೇ ಕೀರ್ತನೆ ಇದೆ. ಕತ್ತಲಲ್ಲೇ ಮುಗಿಯುವ ಆ ಹಾಡೂ ಬೈಬಲಿನಲ್ಲಿದೆ. ಬಾರದ ಸಂತೋಷವನ್ನು ನಟಿಸಬೇಡಿ.

ಬಲಗಡೆಯ ತೀರ್ಪಿಗೆ ಉತ್ತರ ಬರೆಯುವಾಗ ‘ಎಲ್ಲಾ ಒಳ್ಳೆಯದಾಗುತ್ತದೆ’ ಎಂದು ಬರೆದರೆ ಮನಸ್ಸು ನಂಬುವುದಿಲ್ಲ. ಫಿಲಿಪ್ಪಿ 4:8ರ ಪಟ್ಟಿಯಲ್ಲಿ ಸತ್ಯವೇ ಮೊದಲು ಬರುತ್ತದೆ. ‘ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ನಷ್ಟ ನಿಜ, ಆದರೆ ನಾನು ಶಾಪಗ್ರಸ್ತನಲ್ಲ, ಸೋಮವಾರ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನೆಟೆ ರೋಗ ತಡೆಯುವ ಟಿಎಸ್-3ಆರ್ ತೊಗರಿ ಬೀಜ ಕೇಳುತ್ತೇನೆ’ ಎನ್ನುವುದು ಉತ್ತರ. ಕೊನೆಗೆ ಕೈಕಾಲಿನ ಕೆಲಸ ಒಂದಿರಲೇಬೇಕು. ಹೊಸ ಕಲಿಕೆಗೆ ಅನುಭವ ಬೇಕು. ಆ ಉತ್ತರವನ್ನು ಆಲೋಚನೆ ಬರುವ ಜಾಗಕ್ಕೇ ಕಟ್ಟಿ: ‘ಒಣಗಿದ ಸಾಲು ಕಂಡ ಕೂಡಲೇ ಈ ಮಾತು ಹೇಳುತ್ತೇನೆ.’ ಬೆಳಗಿನ ಜಾವ ಆರಾಮಾಗಿ ಕೂತು ಓದಿದ್ದು ಹೊಲದಲ್ಲಿ ತಾನಾಗಿ ನೆನಪಾಗದು.

21 ದಿನದಲ್ಲಿ ಮನಸ್ಸು ಬದಲು ಎಂಬ ವಾಟ್ಸಾಪ್ ಮಾತನ್ನು ಬಿಡಿ. ಲಂಡನ್ನಿನಲ್ಲಿ 96 ಜನರು ಸಣ್ಣ ದಿನನಿತ್ಯದ ಅಭ್ಯಾಸಗಳನ್ನು ರೂಢಿಸಿಕೊಂಡ ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿಯಿತು, ಆದರೆ ಅಂತರ 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ.

ಬೇಸಿಗೆಯಲ್ಲಿ ಇನ್ನೂ ಕಷ್ಟ. ಮೇ ತಿಂಗಳ ಸೆಕೆ, ಕರೆಂಟ್ ಇಲ್ಲದ ರಾತ್ರಿ. ಒಂದು ರಾತ್ರಿ ಪೂರ್ತಿ ಎಚ್ಚರಿದ್ದವರಲ್ಲಿ ಅಹಿತಕರ ಚಿತ್ರಗಳಿಗೆ ಅಮಿಗ್ಡಲಾ ಸುಮಾರು 60 ಶೇಕಡಾ ಹೆಚ್ಚು ಪ್ರತಿಕ್ರಿಯಿಸಿದ್ದನ್ನು 2007ರ ಒಂದು ಅಧ್ಯಯನ ದಾಖಲಿಸಿದೆ. ಒಂದನೆಯ ಅರಸುಗಳು 19ರಲ್ಲಿ ಸಾವನ್ನು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ತಿಂದ, ಮತ್ತೆ ಮಲಗಿದ, ಮತ್ತೆ ತಿಂದ. ದೇವರ ಪ್ರಶ್ನೆ ಬಂದದ್ದು ಆಮೇಲೆ. ನಿದ್ದೆ, ಊಟ ಕೆಟ್ಟವರಿಗೆ ಉಪವಾಸ ಹೇರುವ ಹಿರಿಯರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಎರಡು ವಾರ ಬೇಸರ ಇಳಿಯದೆ ಕೆಲಸ ನಿಂತರೆ, ಸಾಯುವ ಆಲೋಚನೆ ಬಂದರೆ, ನೋಟ್‌ಬುಕ್ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು; ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಖಿನ್ನತೆಯ ಮಾತ್ರೆ ಗುಣ ತೋರಿಸಲು ಕೆಲವು ವಾರ ಬೇಕು. ಸ್ವಸ್ಥತೆಯ ಕೂಟದಿಂದ ಬಂದು ಒಮ್ಮೆಲೇ ಮಾತ್ರೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಕಳವಳ ಶುರುವಾಗಿ, ಅದನ್ನು ಸೈತಾನನ ಲೆಕ್ಕಕ್ಕೆ ಬರೆಯುವುದುಂಟು.

ಇನ್ನು, ದೇವದೂಷಣೆಯ ಆಲೋಚನೆ ಬಂತೆಂದು ದಿನಕ್ಕೆ ಹತ್ತಾರು ಸಲ ಕ್ಷಮೆ ಬೇಡುವವರಿಗೆ ಮೇಲಿನ ಕ್ರಮ ತಿರುಗುಬಾಣವಾಗುತ್ತದೆ. ಅದು ಒಸಿಡಿ, ಅಂದರೆ ಗೀಳಿನ ಕಾಯಿಲೆ, ಇರಬಹುದು. ಬೇಡಿದ ಕೂಡಲೇ ಸಿಗುವ ಗಳಿಗೆಯ ನೆಮ್ಮದಿಯೇ ಮುಂದಿನ ಸಲಕ್ಕೆ ದಾರಿ ಮಾಡುತ್ತದೆ. ಪಾಸ್ಟರ್ ಪ್ರತಿ ಫೋನಿಗೂ ‘ದೇವರು ಕ್ಷಮಿಸಿದ್ದಾನೆ’ ಎನ್ನುತ್ತಾ ಹೋದರೆ ಫೋನು ಹೆಚ್ಚುತ್ತದೆ. ವೈದ್ಯರು, ಪಾಸ್ಟರ್, ಆ ವ್ಯಕ್ತಿ ಮೂವರೂ ಕೂತು ಈ ಧೈರ್ಯದ ಮಾತು ದಿನಕ್ಕೆ ಎಷ್ಟು ಸಲ ಎಂದು ಮೊದಲೇ ಗೊತ್ತುಮಾಡಿಕೊಂಡು, ವಾರ ವಾರ ಇಳಿಸುತ್ತಾ ಬರಬೇಕು.