ಎರಡು ರೂಪಾಯಿಯ ತಕರಾರು

2006ರ ಡಿಸೆಂಬರ್. ಚಾಮುಂಡೇಶ್ವರಿ ಕ್ಷೇತ್ರದ ಉಪಚುನಾವಣೆಗೆ ನನ್ನನ್ನು ಪ್ರಿಸೈಡಿಂಗ್ ಆಫೀಸರ್ ಆಗಿ ಹಾಕಿದ್ದರು. ಹಿಂದಿನ ದಿನ ಮಸ್ಟರಿಂಗ್, ಅಂದರೆ ಬೂತಿನ ಸಾಮಗ್ರಿ ಪಡೆಯುವ ಕೆಲಸ, ಮುಗಿಸಿ, ಮತಯಂತ್ರದ ಪೆಟ್ಟಿಗೆಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹಳ್ಳಿ ತಲುಪುವಾಗ ಹೊತ್ತು ಮುಳುಗಿತ್ತು. ಬೂತು ಇದ್ದದ್ದು ಊರಿನ ಪ್ರಾಥಮಿಕ ಶಾಲೆಯಲ್ಲಿ. ಬಿಸಿಯೂಟದ ಅಡುಗೆಯವರು ಅನ್ನ ಸಾರು ಮಾಡಿ ಬಡಿಸಿದರು.

ರಾತ್ರಿ ಜಗಲಿಯಲ್ಲಿ ಕವರುಗಳ ಮೇಲೆ ಬೂತ್ ನಂಬರ್ ಬರೆಯುತ್ತಾ ಕೂತಿದ್ದಾಗ ಕಂಬಳಿ ಹೊದ್ದ ಹಿರಿಯರೊಬ್ಬರು ಬಂದು ಮೆಟ್ಟಿಲ ಮೇಲೆ ಕೂತರು. "ನಾನು ಸಿದ್ದರಾಮಯ್ಯನವ್ರನ್ನ ತಾಲ್ಲೂಕು ಬೋರ್ಡ್ ಕಾಲ್ದಿಂದ ಕಂಡಿವ್ನಿ ಮೇಷ್ಟ್ರೇ..." ಎಂದು ಮಾತು ತೆಗೆದರು. ನಾನು ಕೈಮುಗಿದೆ. "ಯಜಮಾನ್ರೇ, ನಾಳೆ ಸಂಜೆವರೆಗೂ ಆ ಮಾತು ನನ್ನ ಹತ್ರ ಬೇಡಿ." ಅವರು ಬೇಸರಪಡದೆ ಎದ್ದು ಹೋದರು. ಕೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅವರು ಹೇಳಹೊರಟದ್ದು 1978ರ ಮಾತು. ವರುಣಾ ಹೋಬಳಿಯ ಸಿದ್ದರಾಮನಹುಂಡಿಯಿಂದ ಬಂದು ಮೈಸೂರಿನಲ್ಲಿ ವಕೀಲರಾಗಿದ್ದ ಸಿದ್ದರಾಮಯ್ಯ ಆ ವರ್ಷ ತಾಲ್ಲೂಕು ಬೋರ್ಡಿಗೆ ಆರಿಸಿ ಬಂದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಚುನಾವಣೆ ನಡೆದದ್ದು 1987ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯವರ ಪಾಲಿಗೆ ಪಂಚಾಯ್ತಿ ಬಿಟ್ಟರೆ ತಾಲ್ಲೂಕು ಬೋರ್ಡೇ ದೊಡ್ಡ ಮನೆ. ರಸ್ತೆ, ಬಾವಿ, ಶಾಲೆಯ ಹೆಂಚು ಎಂದು ಜನ ನೇರವಾಗಿ ಹಿಡಿದು ಕೇಳುವ ಜಾಗ ಅದು. ಅಲ್ಲಿಂದ ಐದೇ ವರ್ಷಕ್ಕೆ, 1983ರಲ್ಲಿ, ಲೋಕದಳದಿಂದ ನಿಂತು ಇದೇ ಚಾಮುಂಡೇಶ್ವರಿಯಲ್ಲಿ ಗೆದ್ದು ವಿಧಾನಸಭೆಗೆ ಹೋದರು. 1985ರಲ್ಲಿ ಗೆಲುವು, 1989ರಲ್ಲಿ ಸೋಲು, 1994ರಲ್ಲಿ ಗೆಲುವು, 1999ರಲ್ಲಿ ಮತ್ತೆ ಸೋಲು, 2004ರಲ್ಲಿ ಗೆಲುವು. ಈ ಕ್ಷೇತ್ರ ಯಾರನ್ನೂ ಸಲೀಸಾಗಿ ಬಿಡುವಂಥದ್ದಲ್ಲ. ಈಗ ಜನತಾದಳದಿಂದ ಹೊರಬಂದು, ಕಾಂಗ್ರೆಸ್ ಸೇರಿ, ಶಾಸಕ ಸ್ಥಾನ ಬಿಟ್ಟು ಮತ್ತೆ ಜನರ ಮುಂದೆ ನಿಂತಿದ್ದರು. ಎದುರಿಗೆ ಜನತಾದಳದ ಶಿವಬಸಪ್ಪ. ಅಧಿಕಾರದಲ್ಲಿದ್ದದ್ದು ಜನತಾದಳ ಮತ್ತು ಬಿಜೆಪಿಯ ಸರ್ಕಾರ. ಇಡೀ ರಾಜ್ಯದ ಕಣ್ಣು ಈ ಊರುಗಳ ಮೇಲಿತ್ತು.

ಬೆಳಿಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿಸಿ, ಯಂತ್ರವನ್ನು ಸೊನ್ನೆಗೆ ತಂದು, ಸೀಲ್ ಹಾಕಿ ಶುರುಮಾಡಿದೆವು. ಹೊರಗಡೆ ಆಗಲೇ ಸಾಲು. ಮೈಸೂರಿನಲ್ಲೇ ತಯಾರಾಗುವ ಶಾಯಿ ಒಂದೊಂದೇ ಎಡಗೈ ತೋರುಬೆರಳಿಗೆ ಇಳಿಯುತ್ತಾ ಹೋಯಿತು.

ಹತ್ತರ ಸುಮಾರಿಗೆ ಒಬ್ಬ ಅಜ್ಜಿ ಬಂದರು. ಹೆಸರು ಓದುತ್ತಿದ್ದ ಹಾಗೆ ಒಬ್ಬ ಏಜೆಂಟ್ ಎದ್ದು ನಿಂತ, ಪಕ್ಕದೂರಿನ ಹುಡುಗ. "ಸಾರ್, ಈ ಹೆಸರಿನವರು ತೀರಿಹೋಗಿದ್ದಾರೆ. ಚಾಲೆಂಜ್ ಮಾಡ್ತೀನಿ." ಎರಡು ರೂಪಾಯಿ ತೆಗೆದು ಮೇಜಿನ ಮೇಲಿಟ್ಟ. ಮತದಾರರ ಗುರುತಿನ ಮೇಲೆ ತಕರಾರು ಎತ್ತಲು ಕಟ್ಟಬೇಕಾದ ಠೇವಣಿ ಅಷ್ಟೇ. ನಾನು ರಸೀದಿ ಬರೆದೆ. ನಿಯಮದ ಪ್ರಕಾರ ಅಜ್ಜಿಗೂ ಎಚ್ಚರಿಕೆ ಹೇಳಬೇಕು: ಬೇರೆಯವರ ಹೆಸರಿನಲ್ಲಿ ಮತ ಹಾಕಿದರೆ ಶಿಕ್ಷೆಯಾಗುತ್ತದೆ ಎಂದು. ಎಂಬತ್ತರ ಆ ಮುಖಕ್ಕೆ ಆ ಮಾತು ಹೇಳುವಾಗ ನನ್ನ ಗಂಟಲು ಒಣಗಿತು.

ಅಜ್ಜಿ ನನ್ನನ್ನು ನೋಡಲಿಲ್ಲ, ಹುಡುಗನನ್ನು ನೋಡಿದರು. "ನಾನು ಈ ಊರ್ಗೆ ಸೊಸೆಯಾಗಿ ಬಂದಾಗ ನಿಮ್ಮಪ್ಪನೂ ಹುಟ್ಟಿರ್ಲಿಲ್ಲ ಕಣಪ್ಪ. ನಾನ್ಯಾವಾಗ ಸತ್ತೆ?"

ವಿಚಾರಿಸಲು ಸಾಲಿನಿಂದ ಒಬ್ಬರನ್ನು ಕರೆಸಿದೆ. ಬಂದವರು ರಾತ್ರಿಯ ಯಜಮಾನರು. ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರು. ತೀರಿಕೊಂಡವರು ಮೇಲಿನ ಬೀದಿಯವರು, ಇವರ ಗಂಡನ ಹೆಸರೇ ಬೇರೆ. ಕೆಳಗಿನ ಸಾಲಿಗೆ ಬೆರಳಿಟ್ಟು ಓದಿದೆ. ಎಲ್ಲ ತಾಳೆಯಾಯಿತು. ಹುಡುಗ ಬೇಕೆಂದೇ ಮಾಡಿದ ತಕರಾರಲ್ಲ, ಹಾಗಾಗಿ ಠೇವಣಿ ಮುಟ್ಟುಗೋಲು ಹಾಕದೆ ಎರಡು ರೂಪಾಯಿ ಹಿಂತಿರುಗಿಸಿ ಸಹಿ ಪಡೆದೆ. ಅವನು ತಾನಾಗಿಯೇ ಅಜ್ಜಿಗೆ ಕೈಮುಗಿದ.

ಅಜ್ಜಿ ಅಡ್ಡಪರದೆಯ ಹಿಂದೆ ಹೋದರು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಯಂತ್ರ ಉದ್ದಕ್ಕೆ ಕೂಗಿತು.

"ಬಿತ್ತಾ ಮೇಷ್ಟ್ರೇ?"

"ಬಿತ್ತು ಕಣಮ್ಮ."

ಯಾರಿಗೆ ಹಾಕಿದರೋ, ಅದು ಅವರದು. ಆದರೆ ಆ ಸದ್ದು ಕೇಳಿದಾಗ ನನ್ನ ಎದೆಯ ಭಾರ ಇಳಿಯಿತು. ಅಜ್ಜಿ ಸಿಟ್ಟಾಗಿ ಹಿಂದಿರುಗಿ ಹೋಗಿಬಿಟ್ಟಿದ್ದರೆ ಆ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ.

ಎಣಿಕೆಯ ದಿನ ಶಾಲೆಯಲ್ಲಿದ್ದೆ. ಸಹೋದ್ಯೋಗಿಯೊಬ್ಬರು ಓಡಿ ಬಂದು ಹೇಳಿದರು: ಸಿದ್ದರಾಮಯ್ಯ ಗೆದ್ದರು, ಅಂತರ 257. ಎರಡು ಸಲ ಕೇಳಿದೆ. ನನ್ನ ಜೇಬಿನಲ್ಲಿ ಒಂದು ಪುಟ್ಟ ಡೈರಿ ಇತ್ತು. ಎರಡೆರಡು ಗಂಟೆಗೊಮ್ಮೆ ಮೇಲಿನವರಿಗೆ ಕೊಡಬೇಕಾದ ಲೆಕ್ಕವನ್ನು ಅದರಲ್ಲಿ ಬರೆದುಕೊಂಡಿದ್ದೆ. ತೆಗೆದು ನೋಡಿದೆ. ನಮ್ಮ ಒಂದೇ ಬೂತಿನಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಿದ್ದ ಮತ 263.

2013ರಲ್ಲಿ ಅವರು ಮುಖ್ಯಮಂತ್ರಿಯಾದದ್ದು ವರುಣಾದಿಂದ ಗೆದ್ದು. 2018ರಲ್ಲಿ ಮತ್ತೆ ಚಾಮುಂಡೇಶ್ವರಿಗೆ ಬಂದಾಗ ಜಿ.ಟಿ. ದೇವೇಗೌಡರ ಎದುರು 36,042 ಮತಗಳಿಂದ ಸೋತರು. ಜೊತೆಗೇ ನಿಂತಿದ್ದ ಇನ್ನೊಂದು ಕ್ಷೇತ್ರ ಬಾದಾಮಿ 1,696 ಮತಗಳಲ್ಲಿ ಕೈಹಿಡಿಯಿತು. ಆ ಸಂಜೆ ಟಿವಿಯ ಮುಂದೆ ಕೂತಿದ್ದಾಗ, ಮೆಟ್ಟಿಲಿನಿಂದ ಎದ್ದು ಕತ್ತಲಲ್ಲಿ ಹೋದ ಯಜಮಾನರು ನೆನಪಾದರು. ಚುನಾವಣೆಯ ಮರುದಿನವಾದರೂ ಅವರ ಮನೆ ಹುಡುಕಿಕೊಂಡು ಹೋಗಿ, ತಾಲ್ಲೂಕು ಬೋರ್ಡಿನ ಆ ಕಥೆ ಪೂರ್ತಿ ಹೇಳಿ ಎಂದು ಕೇಳಬಹುದಿತ್ತು. ಹೋಗಲಿಲ್ಲ.