ಮ್ಯೂನಿಕ್‌ನಲ್ಲಿ ರೊಟ್ಟಿ, ಆಲ್ಗೋಯ್‌ನಲ್ಲಿ ಜೋಕಾಲಿ

ಗದಗ-ಬೆಟಗೇರಿಯ ನಮ್ಮ ಓಣಿಯಲ್ಲಿ ಹಬ್ಬದ ಹೆಸರನ್ನು ಯಾರೂ ಪೂರ್ತಿಯಾಗಿ ಹೇಳುತ್ತಿರಲಿಲ್ಲ. ಪಂಚಮಿ ಎಂದರೆ ಸಾಕು, ಅದು ಶ್ರಾವಣದ ನಾಗರ ಪಂಚಮಿಯೇ. ವಾರ ಮೊದಲೇ ಮನೆಮನೆಯಿಂದ ಶೇಂಗಾ ಹುರಿಯುವ ವಾಸನೆ ಏಳುತ್ತಿತ್ತು. ಉಂಡಿಗಳು ಡಬ್ಬಿ ಸೇರಿದ ಮೇಲೆ ಮೊದಲ ದಿನ ರೊಟ್ಟಿ ಬೀರುವುದು ಅಂದರೆ ಮನೆಮನೆಗೆ ಹಂಚುವುದು, ಮರುದಿನ ಚೌತಿಗೆ ನಾಗಪ್ಪನಿಗೆ ಹಾಲೆರೆಯುವುದು, ಮೂರನೆಯ ದಿನ ಜೋಕಾಲಿ. ಲಗ್ನವಾಗಿ ಹೋದ ಹೆಣ್ಣುಮಕ್ಕಳನ್ನು ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರೆತರಬೇಕು. ಕರೆಯಲು ಯಾರೂ ಬಾರದ ಹೆಣ್ಣುಮಗಳ ಮುಖ ಆ ವಾರ ಹೇಗಿರುತ್ತದೆ ಎಂಬುದನ್ನು ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯ ಸೊಸೆಯಲ್ಲಿ ನೋಡಿದ್ದೇನೆ. ನಾನು ಜರ್ಮನಿಯ ಮ್ಯೂನಿಕ್‌ಗೆ ಬಂದು 11 ವರ್ಷಗಳಾದವು. ಪ್ರತಿ ವರ್ಷ ಪಂಚಮಿ ನಾಲ್ಕು ದಿನ ಇದೆ ಎನ್ನುವಾಗ ತಮ್ಮ ತಪ್ಪದೆ ಫೋನು ಮಾಡಿ, "ಅಕ್ಕಾ, ಕರಿಯಾಕ ಬರ್ಲೇನ?" ಎಂದು ಕೇಳಿ ನಗುತ್ತಾನೆ.

ನಮ್ಮ ಹಬ್ಬಗಳಲ್ಲಿ ಕೆಲವು ಯುರೋಪಿಗೆ ಬಹಳ ಸುಲಭವಾಗಿ ಬಂದಿವೆ. ದೀಪಾವಳಿ, ಗಣೇಶ ಚೌತಿ, ರಾಜ್ಯೋತ್ಸವಗಳಿಗೆ ಒಂದು ಬಾಡಿಗೆಯ ಸಭಾಂಗಣ, ಒಂದು ವೇದಿಕೆ, ಊಟಕ್ಕೊಂದು ಸಾಲು ಇದ್ದರೆ ನಡೆಯುತ್ತದೆ. ಅವುಗಳಿಗೆ ನಾನೂ ಹೋಗುತ್ತೇನೆ, ಮಗಳ ಕುಣಿತಕ್ಕೆ ಚಪ್ಪಾಳೆ ತಟ್ಟುತ್ತೇನೆ. ಆದರೆ ಪಂಚಮಿ ವೇದಿಕೆ ಏರುವ ಹಬ್ಬವಲ್ಲ. ಬಾಗಿಲಿನಿಂದ ಬಾಗಿಲಿಗೆ ತಾಟು ಹಿಡಿದು ನಡೆಯುವ ಆ ಹಬ್ಬ ಸಭಾಂಗಣದ ಒಳಗೆ ಕಾಲಿಟ್ಟ ಕ್ಷಣವೇ ಬೇರೇನೋ ಆಗಿಬಿಡುತ್ತದೆ. ಇಲ್ಲಿಗೆ ಬಂದ ಮೊದಲ ನಾಲ್ಕು ವರ್ಷ ನಾನು ಅದನ್ನು ಆಚರಿಸದೆ ಬಿಟ್ಟದ್ದು ಸೋಮಾರಿತನದಿಂದ ಮಾತ್ರವಲ್ಲ, ರೊಟ್ಟಿಯನ್ನು ಯಾರ ಬಾಗಿಲಿಗೆ ಒಯ್ಯಬೇಕು ಎಂಬುದು ತಿಳಿಯದೆ ಇದ್ದುದರಿಂದ. ಅನಂತರ ಒಬ್ಬರಿಂದ ಒಬ್ಬರ ಪರಿಚಯವಾಗಿ ನಾವು ನಾಲ್ಕು ಮನೆಯವರು ಕೂಡಿದೆವು: ಗದಗಿನ ನಾನು, ಧಾರವಾಡದವಳೊಬ್ಬಳು, ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನವಳೊಬ್ಬಳು, ನಮ್ಮೆಲ್ಲರಿಗಿಂತ ಹಿರಿಯರಾದ್ದರಿಂದ ನಾವು ಅಕ್ಕಾರು ಎಂದೇ ಕರೆಯುವ ಹುಬ್ಬಳ್ಳಿಯವರು. ಸರದಿಯ ಪ್ರಕಾರ ವರ್ಷಕ್ಕೊಂದು ಮನೆ ತವರುಮನೆ ಎಂದು ಆಗ ಮಾಡಿಕೊಂಡ ಒಪ್ಪಂದ ಇನ್ನೂ ಮುರಿದಿಲ್ಲ. 2025ರಲ್ಲಿ ಸರದಿ ನನ್ನದಿತ್ತು.

ಆ ವರ್ಷ ಪಂಚಮಿ ಜುಲೈ 29, ಮಂಗಳವಾರ ಬಂದಿತು. ರಜೆ ಇಲ್ಲ, ಮ್ಯೂನಿಕ್ ಇರುವ ಬವೇರಿಯ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಆ ಸಲ ಶುರುವಾದದ್ದು ಆಗಸ್ಟ್ 1ಕ್ಕೆ. ಹೀಗಾಗಿ ಹಬ್ಬವನ್ನು ಒಡೆದು ಹಂಚಿಕೊಂಡೆವು. ರೊಟ್ಟಿಯ ದಿನ ತನ್ನಷ್ಟಕ್ಕೆ ತಾನೇ ಭಾನುವಾರ ಬಿದ್ದಿತ್ತು, ಅದು ನಮ್ಮ ಪುಣ್ಯ. ಹಾಲೆರೆಯುವುದು ಸೋಮವಾರ ನಸುಕಿನಲ್ಲಿ, ಕಚೇರಿಗೆ ಹೋಗುವ ಮೊದಲು. ಜೋಕಾಲಿ ಮಾತ್ರ ಮುಂದಿನ ಶನಿವಾರ, ಆಲ್ಗೋಯ್ ಬೆಟ್ಟಸೀಮೆಯ ಒಂದು ರೈತರ ಮನೆಯಲ್ಲಿ. ನಾಲ್ಕು ದಿನ ತಡವಾದ ಜೋಕಾಲಿ ನಡೆಯುತ್ತದೆಯೇ ಎಂದು ಅವ್ವನನ್ನು ಕೇಳಿದಾಗ, ನಾಗಪ್ಪ ಜೋಕಾಲಿ ಆಡುವುದಿಲ್ಲ, ಆಡುವವರು ನೀವು, ಯಾವಾಗ ಬೇಕಾದರೂ ಆಡಿರಿ ಎಂದಳು.

ಅವ್ವ ಕಳಿಸುವ ಗಂಟಿನ ಬಗ್ಗೆ ಮೊದಲು ಹೇಳಬೇಕು. ರಜೆ ಮುಗಿಸಿ ಹುಬ್ಬಳ್ಳಿಯಿಂದ ಮರಳುತ್ತಿದ್ದ ಪರಿಚಯದವರೊಬ್ಬರ ಚೀಲದಲ್ಲಿ ನನಗೆಂದು ನಾಲ್ಕು ಕಿಲೋ ಜಾಗ ಸಿಕ್ಕಿತ್ತು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಆದ್ದರಿಂದ ಧಾರವಾಡ ಪೇಡೆಯ ಆಸೆಯನ್ನು ನಾವೆಲ್ಲ ಎಂದೋ ಬಿಟ್ಟಿದ್ದೇವೆ. ಹಣ್ಣು, ತರಕಾರಿಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅದರಿಂದ ವಿನಾಯಿತಿ ಇರುವ ಹಣ್ಣುಗಳು ಐದೇ: ಅನಾನಸ್, ಬಾಳೆ, ಖರ್ಜೂರ, ಡ್ಯೂರಿಯನ್, ಮತ್ತು ನಮ್ಮ ತೆಂಗಿನಕಾಯಿ. ಈ ನಿಯಮವನ್ನು ಅವ್ವನಿಗೆ ಓದಿ ಹೇಳಿದಾಗ ಅವಳಿಗೆ ಕಾನೂನು ಮಾಡಿದವರ ಮೇಲೆ ಗೌರವ ಮೂಡಿತು. ಗಂಟಿನಲ್ಲಿ ಮಕ್ಕಳಿಗೆ ದಾರ ಪೋಣಿಸಿ ಆಡಲು ಆರು ಕೊಬ್ಬರಿ ಬಟ್ಟಲು, ಗುರೆಳ್ಳು ಹಿಂಡಿ, ಬ್ಯಾಡಗಿ ಮೆಣಸಿನಕಾಯಿಯ ಖಾರ, ಮತ್ತು ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತು ಕಟಕ ಸಜ್ಜಿ ರೊಟ್ಟಿ ಇದ್ದವು. ರೊಟ್ಟಿಗಳಲ್ಲಿ ಇಡಿಯಾಗಿ ತಲುಪಿದ್ದು ಏಳು. ಅಗಸಿ ಹಿಂಡಿ ಮಾತ್ರ ಕಳಿಸಬೇಡ ಎಂದಿದ್ದೆ, ಏಕೆಂದರೆ ಅಗಸಿಯನ್ನು ಬ್ರೆಡ್ಡಿಗೂ ಮೊಸರಿಗೂ ಹಾಕಿಕೊಂಡು ತಿನ್ನುವ ಈ ದೇಶದಲ್ಲಿ ಅದು ಸಿಗದ ಅಂಗಡಿಯೇ ಇಲ್ಲ.

ಉಂಡಿಯನ್ನು ನಾನೇ ಕಟ್ಟುತ್ತೇನೆ ಎಂದು ಹಠ ಹಿಡಿದಿದ್ದೆ. ಬೆಲ್ಲದ ಪಾಕ ಬಂದಿತೋ ಇಲ್ಲವೋ ನೋಡಲು ಅವ್ವ ಒಂದು ವಾಟಿ ತಣ್ಣೀರಿಗೆ ಒಂದು ಹನಿ ಬಿಡುತ್ತಾಳೆ; ಹನಿ ಕರಗದೆ ತಳದಲ್ಲಿ ಕುಳಿತು, ಬೆರಳಿನಲ್ಲಿ ಉರುಳಿಸಿದರೆ ಮೆತ್ತಗಿನ ಗೋಲಿಯಾಗಿ ಬಂದರೆ ಅದೇ ಶೇಂಗಾ ಉಂಡಿಯ ಹದ. ಆ ಹದ ನನಗೂ ಗೊತ್ತು. ಗೊತ್ತಿದ್ದೂ ಶನಿವಾರದ ಮೊದಲ ಪಾಕ ಕೆಟ್ಟಿತು. ಗ್ಯಾಸ್ ಒಲೆಯಾಗಿದ್ದರೆ ಕಿವಿ ತಿರುಗಿಸಿದೊಡನೆ ಉರಿ ಆರಿ ಪಾಕ ಅಲ್ಲಿಗೆ ನಿಲ್ಲುತ್ತದೆ. ಇಲ್ಲಿನ ನನ್ನ ಅಡುಗೆಮನೆಯಲ್ಲಿರುವುದು ಗಾಜಿನ ಹಾಸಿನ ವಿದ್ಯುತ್ ಒಲೆ. ಗುಂಡಿ ಆರಿಸಿದ ಮೇಲೂ ಅದರ ಒಡಲಿನ ಬಿಸಿ ಎಷ್ಟೋ ಹೊತ್ತು ಹಾಗೆಯೇ ಇರುತ್ತದೆ. ಹನಿ ಗೋಲಿಯಾಯಿತೆಂದು ಆರಿಸಿ, ಹುರಿದು ಸಿಪ್ಪೆ ತೆಗೆದ ಶೇಂಗಾವನ್ನು ತರಲು ಎರಡು ಹೆಜ್ಜೆ ಆಚೆ ಹೋಗಿ ಬರುವಷ್ಟರಲ್ಲಿ ಪಾಕ ಕೆಂಪಗಾಗಿ, ಸೌಟಿಗೆ ದಾರದಂತೆ ಸುತ್ತಿಕೊಂಡಿತ್ತು. ಹಾಗೆಯೇ ಕಟ್ಟಿದೆ. ಮರುದಿನ ಅಕ್ಕಾರ ಮಗ ಒಂದನ್ನು ಬಾಯಿಗಿಟ್ಟುಕೊಂಡು, ಹೊರತೆಗೆದು, ಮೇಜಿಗೆ ಕುಟ್ಟಿ ನೋಡಿದ. ಎರಡನೆಯ ಪಾಕಕ್ಕೆ ಹನಿ ಇನ್ನೂ ಗೋಲಿಯಾಗುವ ಮೊದಲೇ ಪಾತ್ರೆಯನ್ನು ಎತ್ತಿ ಕಲ್ಲಿನ ಕಟ್ಟೆಯ ಮೇಲಿಟ್ಟೆ. ಉಳಿದ ಹದವನ್ನು ಪಾತ್ರೆಯ ತಳದ ಬಿಸಿಯೇ ತಂದಿತು. ಈ ಒಲೆಯೊಡನೆ ಪಾಕ ಮಾಡುವವರು ಒಲೆಯನ್ನು ನಂಬದೆ ಪಾತ್ರೆಯನ್ನೇ ಎತ್ತಬೇಕೆಂಬುದನ್ನು ಎರಡು ಕಿಲೋ ಶೇಂಗಾ ಖರ್ಚು ಮಾಡಿ ಕಲಿತೆ.

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಬದನೆಕಾಯಿ, ಮಡಕಿ ಕಾಳು, ಮೊಸರು ಎಲ್ಲವನ್ನೂ ಶನಿವಾರವೇ ತಂದಿಡಬೇಕು; ಮರೆತದ್ದು ಮರೆತಂತೆಯೇ. ಭಾರತೀಯ ಅಂಗಡಿಯ ಜೋಳದ ಹಿಟ್ಟು ಬೀಸಿ ಎಷ್ಟು ತಿಂಗಳಾಗಿರುತ್ತದೋ, ಅದಕ್ಕೆ ಜಿಗಿ ಇರುವುದಿಲ್ಲ. ಎಸರು ಕುದಿಯುತ್ತಿರುವಾಗಲೇ ಸುರಿದು, ಕೈ ಸುಡುವಂತೆ ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ. ರಾಣೆಬೆನ್ನೂರಿನವಳು ನನ್ನ ಮೊದಲ ರೊಟ್ಟಿಯನ್ನು ನೋಡಿ, "ನಕಾಶಾ ಬರೆದಂಗ ಆಗೇತಲ್ಲ" ಎಂದಳು. ಆದರೆ ನಾವು ಒಂದು ನಿಯಮವನ್ನು ಬಿಟ್ಟಿಲ್ಲ. ಎಲ್ಲರೂ ಒಂದೊಂದು ಅಡುಗೆ ತಂದು ಒಂದು ಮೇಜಿನ ಮೇಲಿಟ್ಟು ಬಡಿಸಿಕೊಳ್ಳುವುದು ರೊಟ್ಟಿ ಬೀರುವುದಾಗುವುದಿಲ್ಲ. ಪ್ರತಿ ಮನೆಯವರೂ ಉಳಿದ ಮೂರು ಮನೆಗಳ ಬಾಗಿಲು ತಟ್ಟಲೇಬೇಕು. ನಮ್ಮ ಮನೆಗಳು ನಗರದ ನಾಲ್ಕು ದಿಕ್ಕಿಗಿವೆ. ಆ ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ನಾಲ್ವರು ಹೆಂಗಸರು ಇಳಕಲ್ಲ ಸೀರೆ ಉಟ್ಟು, ತೊಡೆಯ ಮೇಲೆ ಎಣಗಾಯಿ ಪಲ್ಯದ ಡಬ್ಬಿ ಇಟ್ಟುಕೊಂಡು ಎಸ್-ಬಾನ್ ರೈಲುಗಳಲ್ಲಿ ಎದುರುಬದುರಾಗಿ ಓಡಾಡಿದೆವು. ಒಮ್ಮೆ ನಾನು ಅಕ್ಕಾರ ಮನೆಗೆ ಹೋದಾಗ ಅವರು ನನ್ನ ಮನೆಗೆ ಹೊರಟುಬಿಟ್ಟಿದ್ದರು.

ಕೆಳಮನೆಯ ಜರ್ಮನ್ ಅಜ್ಜಿಗೂ ಒಂದು ತಾಟು ಕೊಟ್ಟೆ. ಅವರು ಕಟಕ ರೊಟ್ಟಿಯನ್ನು ಮುರಿದು ಸಪ್ಪಳ ಕೇಳಿ, ಇದು ಕ್ನೆಕೆಬ್ರೋಟ್ ಅಲ್ಲವೇ ಎಂದು ಸಂತೋಷಪಟ್ಟರು. ಉತ್ತರ ಯುರೋಪಿನಲ್ಲಿ ರೈ ಹಿಟ್ಟಿನಿಂದ ಮಾಡುವ ಆ ಒಣ ರೊಟ್ಟಿಯನ್ನು ಬೆಣ್ಣೆ ಸವರಿ ತಿನ್ನುತ್ತಾರೆ. ನಮ್ಮದನ್ನೂ ಹಾಗೆಯೇ ತಿಂದರಂತೆ, ಗುರೆಳ್ಳು ಹಿಂಡಿಯನ್ನು ಬೆಣ್ಣೆಯ ಮೇಲೆ ಉದುರಿಸಿಕೊಂಡು. ಅದರಲ್ಲಿ ತಪ್ಪೇನೂ ಕಾಣಲಿಲ್ಲ, ನಾವೂ ಬೆಣ್ಣೆ ಹಚ್ಚಿಕೊಳ್ಳುವವರೇ. ಮೂರು ದಿನದ ಮೇಲೆ ತಾಟು ಹೊಳೆಯುವಂತೆ ತೊಳೆದು, ಒಂದು ಧನ್ಯವಾದದ ಚೀಟಿಯೊಡನೆ ಬಂದಿತು. "ಖಾಲಿ ತಾಟ ಕೊಟ್ಟಳೇನ ಆಕಿ?" ಎಂದು ಅವ್ವ ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದಳು. ಚೀಟಿ ಇತ್ತು ಎಂದೆ. ಚೀಟಿಯಲ್ಲಿ ಏನಿತ್ತೆಂದು ಎರಡು ಸಲ ಓದಿಸಿಕೊಂಡ ಮೇಲೆ ಸಮಾಧಾನವಾಯಿತು.

ಸೋಮವಾರ ಬೆಳಗಿನ ಐದೂವರೆಗೆ ಎದ್ದೆ. ಬೇಸಿಗೆಯಲ್ಲಿ ನಮಗೂ ಊರಿಗೂ ಮೂರೂವರೆ ತಾಸಿನ ಅಂತರ, ಅಲ್ಲಿ ಆಗ ಒಂಬತ್ತು. ಊರಿನಲ್ಲಿ ಹುತ್ತದ ಮಣ್ಣಿನ ನಾಗಪ್ಪನಿಗೆ ಜೋಳದ ಕಾಳಿನ ಕಣ್ಣು ಇಡುತ್ತಿದ್ದರು. ಇಲ್ಲಿ ಗೋದಿಹಿಟ್ಟಿನ ಮುದ್ದೆಯನ್ನು ಹೆಡೆ ಎತ್ತಿದಂತೆ ನಿಲ್ಲಿಸುವುದೇ ಕಷ್ಟ, ಮಗಳು ಒಳಗೊಂದು ಕಡ್ಡಿ ಚುಚ್ಚಿ ನಿಲ್ಲಿಸಿದಳು. ಫೋನನ್ನು ಗೋಡೆಗೆ ಒರಗಿಸಿದೆವು. ಒಬ್ಬೊಬ್ಬರ ಹೆಸರು ಹಿಡಿದು ಅಜ್ಜನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎನ್ನುತ್ತ ಚಮಚದಿಂದ ಹಾಲು ಬಿಡುವುದು ಪದ್ಧತಿ. ನಾವು ಇಲ್ಲಿ ಬಿಡುತ್ತಿರುವಾಗ ಅವ್ವ ಅಲ್ಲಿ ತನ್ನ ಸಾಲನ್ನು ಹೇಳುತ್ತಿದ್ದಳು. ತಮ್ಮನ ಪಾಲು, ವೈನಿಯ ಪಾಲು ಆದ ಮೇಲೆ ನನ್ನ ಹೆಸರು ಬಂದಿತು, ಅಳಿಯನದು ಬಂದಿತು, ಮೊಮ್ಮಗಳದು ಬಂದಿತು. ಅತ್ತೆಯವರೂ ಹಾವೇರಿಯಲ್ಲಿ ನಮ್ಮ ಪಾಲಿನ ಹಾಲು ಬಿಟ್ಟಿದ್ದೇವೆಂದು ಮಧ್ಯಾಹ್ನ ಹೇಳಿದರು. ಹಾಗೆ ನಮ್ಮ ಪಾಲು ಆ ದಿನ ಮೂರು ಕಡೆ ಬಿದ್ದಿತು. ಏಳೂವರೆಗೆ ನಾನು ಕಚೇರಿಯ ರೈಲು ಹಿಡಿದೆ. ಮರುದಿನ ಪಂಚಮಿಗೆ ಒಲೆಯ ಮೇಲೆ ಹಂಚು ಇಡದೆ, ಉಳಿದ ರೊಟ್ಟಿಯನ್ನೇ ಮೊಸರಿಗೆ ಮುರಿದುಕೊಂಡು ತಿಂದೆವು.

ಶನಿವಾರ ನಾಲ್ಕೂ ಮನೆಯವರು ಆಲ್ಗೋಯ್‌ನ ಇಮ್ಮೆನ್‌ಸ್ಟಾಟ್ ಊರಿನ ಕಡೆಯ ರೈಲು ಹತ್ತಿದೆವು. 2025ರಲ್ಲಿ ತಿಂಗಳಿಗೆ 58 ಯೂರೋ ಇದ್ದ ಡಾಯ್ಚ್‌ಲಾಂಡ್ ಟಿಕೆಟ್ ಇಟ್ಟುಕೊಂಡವರಿಗೆ ದೇಶದ ಸ್ಥಳೀಯ ರೈಲುಗಳಿಗೆಲ್ಲ ಅದೇ ಸಾಕು. 2023ರ ಮೇ ತಿಂಗಳಲ್ಲಿ ಅದು 49 ಯೂರೋಗೆ ಶುರುವಾದಂದಿನಿಂದ ನಮ್ಮ ವಾರಾಂತ್ಯಗಳ ಲೆಕ್ಕವೇ ಬದಲಾಗಿದೆ. ಕೆರೆ, ಕೋಟೆ, ಬೆಟ್ಟ ಎಂದು ಹೊರಡದೆ ಮನೆಯಲ್ಲಿ ಕುಳಿತ ಶನಿವಾರಗಳು ಈಗ ಕಡಿಮೆ. ಹಿಂದೊಂದು ಸೆಪ್ಟೆಂಬರಿನಲ್ಲಿ ಇದೇ ಆಲ್ಗೋಯ್‌ಗೆ, ಬೇಸಿಗೆಯಿಡೀ ಬೆಟ್ಟದಲ್ಲಿ ಮೇಯ್ದ ದನಗಳು ಕೆಳಗಿಳಿಯುವ ಫೀಶೈಡ್ ನೋಡಲು ಬಂದಿದ್ದೆವು; ತಲೆಗೆ ಹೂವಿನ ಕಿರೀಟ, ಕೊರಳಿಗೆ ದೊಡ್ಡ ಗಂಟೆ ಕಟ್ಟಿಕೊಂಡು ಮುಂದೆ ನಡೆದ ಆಕಳನ್ನು ಕಂಡು ರಾಣೆಬೆನ್ನೂರಿನವಳ ಗಂಡ ಕಾರಹುಣ್ಣಿಮೆ ಎಂದು ಕೂಗಿದ್ದರು. ಜೋಕಾಲಿಗೆ ಈ ಸೀಮೆಯನ್ನು ಆರಿಸಿದ್ದು ಅವರೇ. ಮ್ಯೂನಿಕ್‌ನಲ್ಲಿ ಹಿಂದಿನ ವರ್ಷ ನಾವು ಮಕ್ಕಳ ಆಟದ ಅಂಗಳದ ಉಯ್ಯಾಲೆಯಲ್ಲಿ ಕುಳಿತಿದ್ದಾಗ, 14 ವರ್ಷದ ಒಳಗಿನವರಿಗೆ ಮಾತ್ರ ಎಂಬ ಫಲಕವನ್ನು ಒಬ್ಬ ಆರು ವರ್ಷದ ಹುಡುಗ ಬಂದು ನಮಗೆ ಓದಿ ತೋರಿಸಿದ್ದ.

ದಾರಿಯ ಕಾಡಿನಲ್ಲಿ ಮಗಳು "ಅವ್ವಾ, ಹುತ್ತ!" ಎಂದು ನಿಂತಳು. ಸೊಂಟದೆತ್ತರದ ಗುಡ್ಡೆ, ಹತ್ತಿರ ಹೋದರೆ ಮಣ್ಣಲ್ಲ, ಸ್ಪ್ರೂಸ್ ಮರದ ಒಣಗಿದ ಸೂಜಿಎಲೆಗಳ ರಾಶಿ, ಅದರ ಮೇಲೆ ಸಾವಿರಾರು ಕೆಂಪಿರುವೆಗಳು ಒಂದೊಂದು ಎಲೆಯನ್ನು ಎಳೆದಾಡುತ್ತಿದ್ದವು. ಗೆದ್ದಲು ಕಟ್ಟಿ ಹಾವು ಸೇರುವ ನಮ್ಮ ಹುತ್ತ ಇದಲ್ಲ. ಆದರೂ ಅವಳು ಬಾಟಲಿಯ ಹಾಲನ್ನು ತೆಗೆಯುತ್ತಿದ್ದಳು. ಈ ಕಾಡಿರುವೆಗಳಿಗೂ ಅವುಗಳ ಗೂಡಿಗೂ ಜರ್ಮನಿಯಲ್ಲಿ ಕಾನೂನಿನ ರಕ್ಷಣೆ ಇದೆ, ಮುಟ್ಟುವಂತಿಲ್ಲ ಎಂದು ತಡೆದೆ. ಇಲ್ಲಿ ಪೊಲೀಸರು ಹುತ್ತ ಕಾಯುತ್ತಾರೇನು ಎಂಬ ಅವಳ ಪ್ರಶ್ನೆಗೆ ಉತ್ತರ ಹೊಳೆಯದೆ, ಹೌದು ಎಂದೆ.

ರೈತರ ಅಂಗಳದಲ್ಲಿ ಒಂದು ಹಳೆಯ ಲಿಂಡೆನ್ ಮರ. ಧಾರವಾಡದವಳ ಗಂಡನಿಗೆ ಬಂಡೆ ಹತ್ತುವ ಹವ್ಯಾಸ. ಆತ ತನ್ನ ನೈಲಾನ್ ಹಗ್ಗವನ್ನು ಬಹಳ ಅಭಿಮಾನದಿಂದ ಕಟ್ಟಿದ. ಹಿರಿಯರು ಮೊದಲು ಎಂದು ಅಕ್ಕಾರು ಹಲಗೆಯ ಮೇಲೆ ಕುಳಿತರು. ಕುಳಿತಂತೆಯೇ ಗೇಣಿಗಿಂತ ಹೆಚ್ಚು ಕೆಳಗಿಳಿದು ಹಿಮ್ಮಡಿ ನೆಲಕ್ಕೆ ಹತ್ತಿತು. ಬೀಳುವವನ ಪೆಟ್ಟನ್ನು ತಾನು ಹೀರಿಕೊಳ್ಳಲೆಂದೇ ಆ ಹಗ್ಗವನ್ನು ಹಿಗ್ಗುವಂತೆ ಹೆಣೆದಿರುತ್ತಾರೆ ಎಂದು ಆತ ವಿವರಿಸಿದ. ಅಷ್ಟು ಹೊತ್ತಿಗೆ ಅಕ್ಕಾರು ಹುಲ್ಲಿನ ಮೇಲೆ ಕುಳಿತು ನಗುತ್ತಿದ್ದರು. ಕಿಟಕಿಯಿಂದ ನೋಡುತ್ತಿದ್ದ ಮನೆಯ ಯಜಮಾನರು ಏನೂ ಹೇಳದೆ ಕೊಟ್ಟಿಗೆಗೆ ಹೋಗಿ, ಹೆಬ್ಬೆರಳಿಗಿಂತ ದಪ್ಪನೆಯ ಹಳೆಯ ಸೆಣಬಿನ ಹಗ್ಗ, ಏಣಿ ಮತ್ತು ಎರಡು ಗೋಣಿಚೀಲ ತಂದರು. ಟೊಂಗೆಗೆ ಮೊದಲು ಚೀಲ ಸುತ್ತಿ ಅದರ ಮೇಲೆ ಹಗ್ಗ ಬಿಗಿದರು, ತೊಗಟೆ ಸವೆಯಬಾರದೆಂದು. ಬೆಟಗೇರಿಯ ಹುಣಸೆಮರಕ್ಕೆ ಅಪ್ಪ ಮಿಣಿ ಕಟ್ಟುವಾಗಲೂ ಮೊದಲು ಗೋಣಿತಾಟು ಕೇಳುತ್ತಿದ್ದರು.

ಆಮೇಲೆ ಇಬ್ಬಿಬ್ಬರು ಎದುರುಬದುರು ನಿಂತು ಜೀಕಿದೆವು. ಹಾಡು ಯಾರಿಗೂ ಪೂರ್ತಿ ಬರಲಿಲ್ಲ, ಮೂರನೆಯ ನುಡಿಗೆ ನಾಲ್ವರೂ ತಡವರಿಸಿ ನಿಂತೆವು, ಮತ್ತೆ ಮೊದಲಿನಿಂದ ಹೇಳಿದೆವು. ಕತ್ತಲಾದದ್ದು ಒಂಬತ್ತರ ಮೇಲೆ. ಅಲ್ಲಿಯವರೆಗೆ ಹಲಗೆ ಖಾಲಿ ಬೀಳಲಿಲ್ಲ. ಗಟ್ಟಿ ಉಂಡಿಗಳ ಡಬ್ಬಿಯನ್ನು ಯಜಮಾನರಿಗೆ ಕೊಡಲು ನನಗೆ ಸಂಕೋಚವಾಗಿತ್ತು. ಅವರು ಒಂದನ್ನು ದವಡೆಗೆ ಸೇರಿಸಿಕೊಂಡು ಅರ್ಧ ತಾಸು ಚೀಪಿದರು.

2026ರಲ್ಲಿ ಪಂಚಮಿ ಆಗಸ್ಟ್ 17, ಸೋಮವಾರ. ರೊಟ್ಟಿಯ ದಿನ ಬರುವ ಆಗಸ್ಟ್ 15 ಮ್ಯೂನಿಕ್‌ನಲ್ಲಿ ಮೇರಿಮಾತೆಯ ಸ್ವರ್ಗಾರೋಹಣದ ರಜೆ, ಆದ್ದರಿಂದ ಆ ಸಲ ಶನಿವಾರ, ಭಾನುವಾರ ಎರಡೂ ದಿನ ಅಂಗಡಿ ಇಲ್ಲ. ಸರದಿ ರಾಣೆಬೆನ್ನೂರಿನವಳದು. ಗುರುವಾರದೊಳಗೆ ಹಿಟ್ಟು ತಂದಿಡಬೇಕೆಂದು ಅವಳಿಗೆ ಈಗಾಗಲೇ ಎರಡು ಸಲ ಹೇಳಿದ್ದೇನೆ.