ಹಳೇ ಪದ್ಮಿನಿ ಬೆಂಗಳೂರ ತನಕ ಮುಟ್ತದಾ? ಕೇಳಿದವರಿಗೆಲ್ಲ ಒಂದೇ ಉತ್ತರ

ಮುಟ್ತದ. ಅಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಪೆಟ್ರೋಲ್ ಬಂಕಿನ ಹುಡುಗನಿಂದ ಹಿಡಿದು ಮದುವೆ ಹಾಲ್ ಮುಂದೆ ಪಾರ್ಕಿಂಗ್ ನೋಡಿಕೊಳ್ಳುವ ಕಾಕಾನ ತನಕ, ಕಲಬುರಗಿಯಲ್ಲಿ ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರನ್ನು ಎಲ್ಲರೂ ಕೇಳುವುದು ಇದನ್ನೇ. ಕೇಳುವ ಕ್ರಮವೂ ಬದಲಾಗುವುದಿಲ್ಲ. ಮೊದಲು ಬಾನೆಟ್ ಮೇಲೆ ಎರಡು ಸಲ ಬಡಿಯುತ್ತಾರೆ. ‘ನಮ್ಮ ಮುತ್ಯಾನ ಹತ್ರನೂ ಇತ್ತು ನೋಡ್ರಿ’ ಅನ್ನುತ್ತಾರೆ. ಆಮೇಲೆ ಗಾಡಿಗೆ ಕೇಳಿಸಬಾರದು ಅನ್ನೋ ಹಾಗೆ ದನಿ ಇಳಿಸಿ, ‘ಖರೆ ಹೇಳ್ರಿ ಅಣ್ಣಾ, ಬೆಂಗಳೂರ ತನಕ ಮುಟ್ತದಾ?’

ಸಿಟ್ಟು ಬರುವುದು ಪ್ರಶ್ನೆಗಲ್ಲ, ಉತ್ತರ ಮೊದಲೇ ಗೊತ್ತಿದೆ ಎಂಬಂತೆ ಕೇಳುವ ಆ ಮುಖಕ್ಕೆ. ಹೊಸ ಕಾರು ಹೈವೇ ಮೇಲೆ ನಿಂತರೆ ‘ಸೆನ್ಸರ್ ಹೋಗ್ಯಾದ’ ಅಂತ ಎತ್ತೊಯ್ಯುವ ಲಾರಿಗೆ ಫೋನ್ ಮಾಡುತ್ತಾರೆ, ಯಾರೂ ಅದರ ವಯಸ್ಸು ಕೇಳುವುದಿಲ್ಲ. ಪದ್ಮಿನಿ ಜೇವರ್ಗಿಯ ಚಹಾದಂಗಡಿ ಮುಂದೆ ಬಾನೆಟ್ ಎತ್ತಿಕೊಂಡಿದ್ದರೆ ಸಾಕು, ‘ನಿಂತೇ ಬಿಡ್ತಾ?’ ಅಂತ ಜನ ಸೇರುತ್ತಾರೆ. ಬಾನೆಟ್ ಎತ್ತುವುದು ಗಾಡಿ ಕೆಡಬಾರದು ಅಂತ. ಕಾರಣ ಹೇಳುತ್ತೇನೆ, ಆದರೆ ಮೊದಲು ಗಾಡಿಯ ವಿಷಯ.

ಪದ್ಮಿನಿ ಅಂದರೆ ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್ 1100. 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ, ಸ್ಟೀರಿಂಗ್ ಪಕ್ಕದಲ್ಲಿ ಗೇರು, ಹಿಂದಿನ ಚಕ್ರಕ್ಕೆ ಎಳೆತ, ನಾಲ್ಕೂ ಕಡೆ ಡ್ರಮ್ ಬ್ರೇಕ್. ಇದು ಓಡಲು ಪೆಟ್ರೋಲ್ ಬರಬೇಕು, ಕಿಡಿ ಹಾರಬೇಕು, ಬಿಸಿ ಹೊರಗೆ ಹೋಗಬೇಕು. ದಾರಿಯಲ್ಲಿ ನಿಂತ ಫಿಯಟ್‌ಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದು ತಪ್ಪಿಯೇ ನಿಂತಿರುತ್ತವೆ. ಕ್ರ್ಯಾಂಕ್ ಮುರಿದು, ಪಿಸ್ಟನ್ ಒಡೆದು ನಿಲ್ಲುವುದು ಅಪರೂಪ. ನಿಲ್ಲಿಸುವುದು ಒಂದು ಗೇಣು ರಬ್ಬರ್ ಪೈಪು, ಕಿಡಿ ಸರಿಯಾಗಿ ಹಾರಲು ಬೇಕಾದ ಹೆಬ್ಬೆರಳು ಗಾತ್ರದ ಕಂಡೆನ್ಸರ್, ಇಲ್ಲವೇ ಸಡಿಲಾದ ಬೆಲ್ಟು.

ಪೆಟ್ರೋಲಿನಿಂದ ಶುರು ಮಾಡೋಣ, ಯಾಕೆಂದರೆ ಈಗಿನ ತಂಟೆಯೆಲ್ಲ ಅಲ್ಲೇ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆಸಿದ ಇ20. ದೇಶದಲ್ಲಿ ಇದರ ಮಾರಾಟ 2023ರಲ್ಲಿ ಶುರುವಾಯಿತು. ಪದ್ಮಿನಿಯ ಕಾಲದ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ. ಪೈಪು ಊದುತ್ತದೆ, ಒಳಗೋಡೆ ಮೆತ್ತಗಾಗಿ ಚೂರು ಚೂರಾಗಿ ಉದುರುತ್ತದೆ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಂ (ಒಳಗಿನ ಪರದೆ) ಬಿಗಿ ಕಳೆದುಕೊಳ್ಳುತ್ತದೆ. ದೂರ ಹೊರಡುವ ಮುಂಚೆ ಟ್ಯಾಂಕಿನಿಂದ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ತನಕ ಇರುವ ಎಲ್ಲ ರಬ್ಬರ್ ಪೈಪುಗಳನ್ನೂ ಬದಲಿಸಿ. ಪೈಪಿನ ಮೈಮೇಲೆ ‘SAE J30 R9’ ಅಂತ ಪೆಟ್ರೋಲ್ ಪೈಪಿನ ದರ್ಜೆಯ ಮುದ್ರೆ ಇರಬೇಕು. ಮೀಟರ್ ಲೆಕ್ಕದಲ್ಲಿ ಸಿಗುವ ಕರೀ ಪೈಪು ಎಷ್ಟೇ ದಪ್ಪ ಕಂಡರೂ ಬೇಡ.

ಎಥೆನಾಲ್ ಇನ್ನೊಂದು ಕೆಲಸ ಮಾಡುತ್ತದೆ. ಟ್ಯಾಂಕಿನ ತಳದಲ್ಲಿ ವರ್ಷಾನುಗಟ್ಟಲೆ ಅಂಟಿಕೊಂಡಿದ್ದ ಅಂಟು, ಕಿಲುಬನ್ನು ಕರಗಿಸಿ ಎಬ್ಬಿಸುತ್ತದೆ. ಅದೆಲ್ಲ ಮುಂದೆ ಬಂದು, ಕಾರ್ಬುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಜೆಟ್‌ನ ತೂತಿಗೆ ಕೂರುತ್ತದೆ. ಅದಕ್ಕೇ ಟ್ಯಾಂಕ್ ಮತ್ತು ಪಂಪಿನ ನಡುವೆ ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಫಿಲ್ಟರ್ ಹಾಕಿ, ಡಿಕ್ಕಿಯಲ್ಲಿ ಇನ್ನೆರಡು ಇಟ್ಟುಕೊಳ್ಳಿ. ಮೊದಲ ಫಿಲ್ಟರ್ ಶಹಾಪುರ ದಾಟುವುದರೊಳಗೆ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ತನ್ನ ಕೆಲಸ ಮಾಡುತ್ತಿದೆ.

ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್‌ನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆ ಬೀಳುತ್ತದೆ. ತೆಳು ಮಿಶ್ರಣದಲ್ಲಿ ಎಂಜಿನ್ ಬಿಸಿ ಹೆಚ್ಚು, ಎಳೆತ ಕಡಿಮೆ, ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುತ್ತದೆ. ಮೇನ್ ಜೆಟ್ ಮೇಲೆ ಕೊರೆದಿರುವ ಅಂಕಿ ಅದರ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದಲ್ಲಿ. 120 ಇದ್ದಲ್ಲಿ 125 ಹಾಕಿದರೆ ತೂತಿನ ವಿಸ್ತೀರ್ಣ ಶೇ. 8ರಷ್ಟು ಹೆಚ್ಚುತ್ತದೆ, ಇ20ಗೆ ಹೆಚ್ಚುಕಡಿಮೆ ಅಷ್ಟೇ ಬೇಕು. ಹಾಕಿ, ಇಪ್ಪತ್ತು ಮೂವತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗಿದ್ದರೆ ಇನ್ನೂ ತೆಳು, ತಿಳಿ ಕಂದು ಬಣ್ಣವಿದ್ದರೆ ಬರೋಬರಿ, ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಜೆಟ್‌ನ ತೂತನ್ನು ತಂತಿಯಿಂದ ಕೆರೆದು ದೊಡ್ಡದು ಮಾಡಿಕೊಡುವ ಮಿಸ್ತ್ರಿಗಳಿದ್ದಾರೆ. ಅವರ ಕೈಗೆ ಕಾರ್ಬುರೇಟರ್ ಕೊಡಬೇಡಿ.

ಈಗ ಬಾನೆಟ್ ವಿಷಯ. ಎಂಜಿನ್ ಓಡುವಾಗ ಫ್ಯಾನು ತಿರುಗುತ್ತದೆ, ನೀರು ಸುತ್ತುತ್ತದೆ. ಚಹಾಕ್ಕೆ ಅಂತ ಚಾವಿ ತಿರುಗಿಸಿದ ಕೂಡಲೇ ಎರಡೂ ನಿಲ್ಲುತ್ತವೆ, ಎಂಜಿನ್ನಿನ ಬಿಸಿ ಮಾತ್ರ ಎಲ್ಲೂ ಹೋಗುವುದಿಲ್ಲ. ಬಾನೆಟ್ ಕೆಳಗೆ ಅದು ಏರುತ್ತಾ ಹೋಗಿ ಪಂಪಿನಲ್ಲಿರುವ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪಿನ ಡಯಾಫ್ರಂ ದ್ರವವನ್ನು ಎಳೆಯಬಲ್ಲದು, ಆವಿಯನ್ನಲ್ಲ. ಚಹಾ ಕುಡಿದು ಬಂದು ಸೆಲ್ಫ್ ಹೊಡೆದರೆ ಬರೀ ಗುರ್ ಗುರ್. ಇದೇ ವೇಪರ್ ಲಾಕ್. ನಿಲ್ಲಿಸಿದ ತಕ್ಷಣ ಬಾನೆಟ್ ಎತ್ತಿಟ್ಟರೆ ಬಹುತೇಕ ಆಗುವುದಿಲ್ಲ. ಆಗಿಯೇ ಬಿಟ್ಟರೆ ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ನೀರು ಸಿಡಿಯದಂತೆ ನೋಡಿಕೊಂಡು, ಹತ್ತು ನಿಮಿಷ ಸುಮ್ಮನಿರಿ. ಮಣ್ಣಿನ ಗಡಿಗೆಯ ನೀರು ತಂಪಾಗುವ ಹಾಗೆ ಆ ಬಟ್ಟೆಯ ನೀರು ಆರುತ್ತಾ ಪಂಪಿನ ಬಿಸಿ ಎಳೆದುಕೊಳ್ಳುತ್ತದೆ. ನಮ್ಮ ಒಣ ಬಿಸಿಲಿನಲ್ಲಿ ಈ ಉಪಾಯ ನಡೆದಷ್ಟು ಚೆನ್ನಾಗಿ ಮಂಗಳೂರಿನ ಬೆವರಿನ ಹವೆಯಲ್ಲಿ ನಡೆಯುವುದಿಲ್ಲ. ಬಿಸಿಲನ್ನು ಹೊಗಳಲು ನಮ್ಮ ಕಡೆ ಸಿಗುವ ಕಾರಣಗಳು ಕಡಿಮೆ, ಇದೊಂದು ಇರಲಿ.

ಇನ್ನು ನೀರು. ಇಡೀ ಶಹಾಬಾದ್, ವಾಡಿ, ಸೇಡಂ ಸೀಮೆ ನಿಂತಿರುವುದೇ ಸುಣ್ಣದ ಕಲ್ಲಿನ ಮೇಲೆ. ನೆಲಕ್ಕೆ ಹಾಸುವ ಫರಸಿ ಕಲ್ಲೂ ಅದೇ, ಸಿಮೆಂಟೂ ಅದೇ. ಆ ಕಲ್ಲಿನೊಳಗಿಂದ ಬರುವ ಬೋರ್ ನೀರನ್ನು ರೇಡಿಯೇಟರಿಗೆ ಸುರಿದರೆ ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರವೇ ರೇಡಿಯೇಟರ್ ಕೊಳವೆಗಳೊಳಗೂ ಕೂರುತ್ತದೆ. ಊರೊಳಗೆ ಗೊತ್ತಾಗುವುದಿಲ್ಲ. ಹೈವೇ ಮೇಲೆ ಒಂದು ತಾಸು ಒಂದೇ ಸಮ ಓಡಿಸಿದಾಗ ಬಿಸಿ ತೋರಿಸುವ ಮುಳ್ಳು ಏರುತ್ತದೆ. ಇದರ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಮ್ಮಿನದು, ಅತಿ ಬಿಸಿಗೆ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ದಾರಿಯಲ್ಲಿ ಕೂತು ಸರಿಮಾಡಲಾಗದ ಕೆಲಸ ಅದು. ಆದ್ದರಿಂದ ರೇಡಿಯೇಟರ್ ಮಿಸ್ತ್ರಿಯ ಹತ್ತಿರ ರಾಡಿಂಗ್ (ಕೊಳವೆಗಳೊಳಗೆ ಸರಳು ಹಾಯಿಸಿ ಪದರ ತೆಗೆಸುವುದು) ಮಾಡಿಸಿ, ಫಿಲ್ಟರ್ ನೀರಿಗೆ ಕೂಲಂಟ್ ಬೆರೆಸಿ ತುಂಬಿ, ಬೇರೆ ಹತ್ತು ಲೀಟರ್ ಫಿಲ್ಟರ್ ನೀರು ಗಾಡಿಯಲ್ಲಿಡಿ. ಹೋಟೆಲಿನ ಮಗ್ಗಿನ ನೀರು ಕೈ ತೊಳೆಯಲು ಮಾತ್ರ. ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ. ಆರಿದ ಮೇಲೆ ಎಂಜಿನ್ ಚಾಲೂ ಇಟ್ಟು ನೀರು ನಿಧಾನವಾಗಿ ಹಾಕಿ.

‘ಥರ್ಮೋಸ್ಟಾಟ್ ತೆಗೆದು ಒಗೀರಿ ಸಾಹೇಬ್ರ, ತಂಪ ಇರ್ತದ’ ಅನ್ನುವ ಸಲಹೆ ಪುಕ್ಕಟೆ ಸಿಗುತ್ತದೆ. ಒಗೆಯಬೇಡಿ, ಎಂಜಿನ್ ಕಾದ ಮೇಲೆ ನೀರಿಗೆ ರೇಡಿಯೇಟರಿನ ದಾರಿ ಬಿಡುವ ಕವಾಟ ಅದು. ಅಡುಗೆಮನೆಯಲ್ಲಿ ಒಂದು ಪಾತ್ರೆ ನೀರಿಗೆ ಅದನ್ನು ಹಾಕಿ ಕಾಯಿಸಿ. ನೀರು ಕುದಿಯುವ ಮುಂಚೆ ಬಾಯಿ ತೆರೆದರೆ ಒಳ್ಳೆಯದು, ತೆರೆಯದಿದ್ದರೆ ಹೊಸದು ತನ್ನಿ.

ಇಷ್ಟು ಓದಿದವರಿಗೆ ಅರ್ಥವಾಗಿರಬೇಕು, ಇದೆಲ್ಲ ಕೊನೆಗೆ ಬಿಸಿಲಿನ ಲೆಕ್ಕವೇ. ಹಾಗಾಗಿ ಯಾರಾದರೂ ಒಬ್ಬರು ‘ಮುಟ್ತದಾ’ ಬಿಟ್ಟು ‘ಎಷ್ಟು ಹೊತ್ತಿಗೆ ಬಿಡ್ತೀರಿ?’ ಅಂತ ಕೇಳಿದ್ದರೆ ಅವರಿಗೆ ನಾನೇ ಚಹಾ ಕುಡಿಸುತ್ತಿದ್ದೆ.

ಏಪ್ರಿಲ್, ಮೇ ತಿಂಗಳಲ್ಲಾದರೆ ಬೆಳಗಿನ ನಾಲ್ಕಕ್ಕೆ. ಕಟ್ಟಿಸಂಗಾವಿಯ ಹತ್ತಿರ ಭೀಮಾ ಸೇತುವೆ ಕತ್ತಲಲ್ಲೇ ದಾಟಬೇಕು. ಶಹಾಪುರದ ಮಲಗಿದ ಬುದ್ಧನ ಗುಡ್ಡ ಕಾಣುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಸುರಪುರ ದಾಟಿ ತಿಂಥಣಿಯ ಕೃಷ್ಣಾ ಸೇತುವೆ ಬಳಿ ಮೊದಲ ನಿಲುಗಡೆ: ಬಾನೆಟ್ ಎತ್ತಿ, ಬೆಲ್ಟ್ ಒತ್ತಿ ನೋಡಿ, ಎಣ್ಣೆ ನೋಡಿ, ನಾಲ್ಕೂ ಚಕ್ರದ ನಡುವಿಗೆ ಕೈ ಇಟ್ಟು ನೋಡಿ. ಒಂದು ಚಕ್ರ ಉಳಿದ ಮೂರಕ್ಕಿಂತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ ಆಗಿ ಗಂಟೆಗೆ 55-60ರ ಮೇಲೆ ಹೋಗದೆ ಓಡಿಸಿದರೂ ಹನ್ನೊಂದರ ಆಸುಪಾಸಿಗೆ ಬಳ್ಳಾರಿ ಬರುತ್ತದೆ. ಅಲ್ಲಿಂದ ನಾಲ್ಕರ ತನಕ ಗಾಡಿ ನೆರಳಿಗೆ, ನೀವು ಊಟಕ್ಕೆ, ನಿದ್ದೆಗೆ. ಸಂಜೆ ಹಿರಿಯೂರು ಮುಟ್ಟಿ ಅಲ್ಲೇ ಉಳಿಯಿರಿ. ಅದೇ ರಾತ್ರಿ ಬೆಂಗಳೂರು ಸೇರುವ ಹಟ ಬೇಡ. ಬ್ಯಾಟರಿ ಚಾರ್ಜ್ ಮಾಡಲು ಹಳೇ ಡೈನಮೋ ಇರುವ ಗಾಡಿಯಲ್ಲಿ ಹೆಡ್‌ಲೈಟಿನ ಬೆಳಕು ಎಷ್ಟು ಅಂತ ಎದುರಿನ ಲಾರಿಯ ಎಲ್‌ಇಡಿ ಮುಖಕ್ಕೆ ಹೊಡೆದಾಗ ತಿಳಿಯುತ್ತದೆ.

ಡಿಸೆಂಬರ್, ಜನವರಿಯಲ್ಲಿ ಬಿಸಿಲಿನ ಕಾಟ ಇಲ್ಲ, ತೊಗರಿಯದು ಇದೆ. ರಾಶಿ ಮಾಡಲು ರಸ್ತೆ ಮೇಲೆ ಹರಡಿದ ತೊಗರಿ ಕಟ್ಟಿಗೆ ಮೇಲೆ ಪದ್ಮಿನಿ ಹಾಯಿಸಬೇಡಿ. ಒಣ ಕಡ್ಡಿ ಗಾಡಿ ಕೆಳಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ. ಹಾಯಿಸಲೇಬೇಕಾಗಿ ಬಂದರೆ ಆಚೆ ಹೋಗಿ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ತೆಗೆಯಿರಿ. ಮಳೆಗಾಲದಲ್ಲಿ ಎರಿ (ಕಪ್ಪು ಮಣ್ಣಿನ) ಹೊಲದ ಕಡೆ ಚಕ್ರ ಇಳಿಸಬೇಡಿ. ಜ್ಯಾಕ್ ಕೆಳಗೆ ಇಡಲು ಒಂದು ಅಡಿ ಚೌಕದ ಮರದ ಹಲಗೆ ಇರಲಿ, ಎರಿ ಮಣ್ಣಿನಲ್ಲಿ ಬರೀ ಜ್ಯಾಕ್ ಹಾಗೇ ಇಳಿದುಹೋಗುತ್ತದೆ. ಫರಸಿ ತುಂಡು ಬೇಡ, ಒಡೀತದ.

ನಿಂತೇ ಬಿಟ್ಟರೆ? ಹೇಗೆ ನಿಂತಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಂತರೆ ಕರೆಂಟಿನ ಕಡೆ ನೋಡಿ. ಕೆಮ್ಮಿ, ಮುಗ್ಗರಿಸಿ, ಸ್ವಲ್ಪ ಎಳೆದು ನಿಂತರೆ ಪೆಟ್ರೋಲಿನ ಕಡೆ. ಪೆಟ್ರೋಲಾದರೆ ಕಾರ್ಬುರೇಟರಿಗೆ ಬರುವ ಪೈಪು ಬಿಚ್ಚಿ, ತುದಿಯನ್ನು ಬಾಟಲಿಗೆ ಹಾಕಿ ಸೆಲ್ಫ್ ಹೊಡೆಸಿ. ಚಿಮ್ಮಿ ಬಂದರೆ ತಪ್ಪು ಕಾರ್ಬುರೇಟರಿನದು, ಬರದಿದ್ದರೆ ಫಿಲ್ಟರ್ ಅಥವಾ ಪಂಪು. ಕರೆಂಟಾದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ (ಕರೆಂಟ್ ಕಡಿದು ಕೂಡಿಸುವ ಎರಡು ತುದಿ) ನೋಡಿ. ಕಪ್ಪಾಗಿದ್ದರೆ ಪಾಲಿಶ್ ಕಾಗದದಿಂದ ಒರೆಸಿ, ಸಂದು 0.4 ಮಿ.ಮೀ. ಸುತ್ತಮುತ್ತ ಇಡಿ. ಸಂದು ಅಳೆಯುವ ಫೀಲರ್ ಗೇಜ್ ಮರೆತಿದ್ದರೆ ಕಡ್ಡಿಪೆಟ್ಟಿಗೆಯ ರಟ್ಟು ಮುಂದಿನ ಊರಿನ ತನಕ ನಡೆಸುತ್ತದೆ. ಪಾಯಿಂಟ್ ಒರೆಸಿದ ಸ್ವಲ್ಪ ಹೊತ್ತಿಗೇ ಮತ್ತೆ ಸುಟ್ಟರೆ, ಕಿಡಿ ನೀಲಿ ಬದಲು ಹಳದಿ ಇದ್ದರೆ, ಕಂಡೆನ್ಸರ್ ಹೋಗಿದೆ. ಹೊಸ ಕಂಡೆನ್ಸರ್ ನಂಬಿ ಹೋಗಬೇಡಿ. ಈಗ ಬರುವ ಮಾಲಿನಲ್ಲಿ ಪೊಟ್ಟಣದಿಂದಲೇ ಕೆಟ್ಟು ಬರುವವೂ ಇವೆ. ಹೊಸದನ್ನು ಊರಲ್ಲೇ ಹಾಕಿ ನಾಲ್ಕು ದಿನ ಓಡಿಸಿ, ಆಮೇಲೆ ಬಿಚ್ಚಿ ಸ್ಪೇರ್ ಅಂತ ಡಬ್ಬಿಗೆ ಹಾಕಿ.

ಓಡುವಾಗ ಚಾರ್ಜಿಂಗ್‌ನ ಕೆಂಪು ದೀಪ ಹತ್ತಿದರೆ ‘ಬ್ಯಾಟರಿ ಅದ, ಮುಂದಿನ ಊರಿಗೆ ನೋಡೋಣ’ ಅನ್ನಬೇಡಿ. ಡೈನಮೋ ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ಫ್ಯಾನನ್ನೂ ತಿರುಗಿಸುತ್ತದೆ. ಅದು ಹರಿದಿದ್ದರೆ ಕೆಲವೇ ನಿಮಿಷದಲ್ಲಿ ನೀರು ಕುದಿಯುತ್ತದೆ. ಹೊಸ ಬೆಲ್ಟ್ ಹಾಕಿದಾಗ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ತಗ್ಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ಪಂಪಿನ ಬೇರಿಂಗ್ ಸಾಯುತ್ತದೆ.

ಟೈರಿನ ಗೆರೆ ನೋಡಿ ಮೋಸ ಹೋಗಬೇಡಿ. ಕಡಿಮೆ ಓಡುವ ಗಾಡಿಯಲ್ಲಿ ಗೆರೆ ಸವೆಯುವುದಿಲ್ಲ, ರಬ್ಬರ್ ಮುದಿಯಾಗುತ್ತದೆ. ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಈ ಬಿಸಿಲಿಗೆ ತೆಗೆದುಕೊಂಡು ಹೋಗಬೇಡಿ.

‘ವಿಂಟೇಜ್ ನಂಬರ್ ಮಾಡಿಸಿಬಿಡ್ರಿ, ಮಸ್ತ್ ಕಾಣ್ತದ’ ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರದ ನಂಬರ್ ಸಿಗುತ್ತದೆ. ಆಮೇಲೆ ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಬಿಟ್ಟು ದಿನದ ಓಡಾಟಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಬೆಂಗಳೂರಿಗೆ ಹೋಗಬೇಕಾದ ಗಾಡಿಗೆ ಐದೈದು ವರ್ಷಕ್ಕೆ ಫಿಟ್ನೆಸ್ ಮಾಡಿಸಿ ಸಾದಾ ಆರ್‌ಸಿಯನ್ನೇ ಇಟ್ಟುಕೊಳ್ಳಬೇಕು.

ಕೊನೆಗೆ ಏನೂ ನಡೆಯದೆ ಟ್ರ್ಯಾಕ್ಟರ್ ಹಿಂದೆ ಎಳೆಸುವ ಸ್ಥಿತಿ ಬಂದರೂ ಮಾನ ಹೋಗುವುದಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಗಾಡಿ, ಎಂಜಿನ್ ಆರಿದರೂ ಸ್ಟೀರಿಂಗ್ ಮೊದಲಿನಷ್ಟೇ ತಿರುಗುತ್ತದೆ. ಗೇರ್ ನ್ಯೂಟ್ರಲ್ ಇಟ್ಟು, ಕಾಲು ಬ್ರೇಕ್ ಮೇಲಿಟ್ಟು, ಹಗ್ಗ ಸಡಿಲ ಬೀಳದಂತೆ ನೋಡಿಕೊಳ್ಳಿ. ಹಗ್ಗವನ್ನು ಮುಂದಿನ ಕ್ರಾಸ್ ಮೆಂಬರಿಗೆ (ಗಾಡಿ ಕೆಳಗಿನ ಅಡ್ಡಪಟ್ಟಿಗೆ) ಕಟ್ಟಿ. ಬಂಪರಿಗೆ ಮಾತ್ರ ಕಟ್ಟಬೇಡಿ, ಆ ಕ್ರೋಮ್ ಬಂಪರ್ ಈಗ ಎಲ್ಲೂ ಸಿಗುವುದಿಲ್ಲ.